ಬಂದ ತೂಕಕ್ಕೆ ವಾಪಸ್

ಬೀಜಗಳಿಗೆ ಮರ್ಯಾದೆ ಕೊಟ್ಟು ಮಾತಾಡುವ ಮನುಷ್ಯನನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಶಿವಮೊಗ್ಗದ ನಮ್ಮ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಅವರು ಅಟೆಂಡರ್ ಆಗಿದ್ದರು. ಒದ್ದೆ ಕಾಗದದ ಸುರುಳಿ ಬಿಚ್ಚಿ, ಚಿಮಟ ಹಿಡಿದು ಮೊಳಕೆ ಎಣಿಸುವಾಗ “ಇವ್ರು ಎದ್ದಿದ್ದಾರೆ, ಇವ್ರು ಇನ್ನೂ ಮಲಗಿದ್ದಾರೆ, ಇವ್ರು ಪಾಪ, ಹೋಗ್ಬಿಟ್ರು” ಎಂದು ಗೊಣಗುತ್ತಿದ್ದರು. ನಾನು ಅಧಿಕಾರಿಯಾಗಿ ಬಂದ ಮೊದಲ ವಾರ ಇದನ್ನು ಕೇಳಿ, ಈ ಮನುಷ್ಯನಿಗೆ ಎಲ್ಲೋ ಒಂದು ಸ್ಕ್ರೂ ಸಡಿಲ ಇರಬೇಕು ಎಂದುಕೊಂಡಿದ್ದೆ. ಸಡಿಲ ಇದ್ದದ್ದು ನನ್ನ ಎಣಿಕೆ ಅಂತ ಆಮೇಲೆ ಗೊತ್ತಾಯಿತು.

ಹೋದ ತಿಂಗಳು ಅವರು ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತರಿಸಿದ್ದೆವು. ಭಾಷಣ ಶುರುವಾಗುವ ಹೊತ್ತಿಗೆ ಮನುಷ್ಯ ಕುರ್ಚಿಯಲ್ಲಿಲ್ಲ! ಹುಡುಕಿಕೊಂಡು ಹೋದರೆ ಹಿಂದಿನ ಗೋದಾಮಿನಲ್ಲಿ, ಮೂಟೆ ತೂಗುವ ಮೆಷಿನ್ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದರು. ಕೈಯಲ್ಲಿ ಹಳದಿಗಟ್ಟಿದ ಒಂದು ಕಾಗದ, ಕೆಲಸಕ್ಕೆ ಸೇರುವಾಗ ಮಾಡಿಸಿದ್ದ ಮೆಡಿಕಲ್ ಸರ್ಟಿಫಿಕೇಟ್.

“ನೋಡಿ ಮೇಡಂ, ಅವತ್ತೂ ಐವತ್ತೊಂದು ಕೆಜಿ, ಇವತ್ತೂ ಐವತ್ತೊಂದು. ಬಂದ ತೂಕಕ್ಕೆ ವಾಪಸ್ ಹೋಗ್ತಾ ಇದ್ದೀನಿ.”

ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಆ ‘ಬಂದ ತೂಕ’ದ ಹಿಂದಿನ ಕಥೆ ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇದನ್ನು ಬರೆಯುತ್ತೇನೆ ಎಂದಾಗ ಅವರು ಒಂದೇ ಷರತ್ತು ಹಾಕಿದರು: “ಬರೀರಿ, ಹೆಸರು ಮಾತ್ರ ಹಾಕ್ಬೇಡಿ. ಹೆಸರು ಹಾಕಿದ್ರೆ ಜನ ಮನೆ ಹುಡುಕ್ಕೊಂಡು ಬರ್ತಾರೆ, ನಮ್ಮನೆಯವಳು ಟೀ ಕಾಸಿ ಕಾಸಿ ಸುಸ್ತಾಗ್ತಾಳೆ.” ಆಗಲಿ, ಹೆಸರಿಲ್ಲದೆಯೇ ಬರೆಯುತ್ತೇನೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಮನೆ. ದಿನಾ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದರು. ಕಡ್ಡಿಯಂಥ ಮೈ, ಕಿವಿಯ ಮೇಲೆ ಕೆಂಪು ಪೆನ್ಸಿಲ್, ಅಂಗಿಯ ಜೇಬಿನಲ್ಲಿ ಚಿಮಟ ಮತ್ತು ಒಂದು ಮಸೂರ. ಜೇಬಿನ ತಳದಲ್ಲಿ ಯಾವಾಗಲೂ ನಾಲ್ಕು ಭತ್ತದ ಕಾಳು ಇರುತ್ತಿದ್ದವು. ನಾನು ಬಂದ ಹೊಸದರಲ್ಲಿ ಒಂದು ಸುರುಳಿಯ ಮೊಳಕೆ ಎಣಿಸಿ, ಎಲ್ಲ ಚೆನ್ನಾಗಿದೆ ಎಂದು ಬರೆದು ಸಹಿಯನ್ನೂ ಹಾಕಿದ್ದೆ. ಅವರು ಮಸೂರ ಹಿಡಿದು ನೋಡಿ, ಏಳೆಂಟು ಸಸಿಗಳನ್ನು ಚಿಮಟದಿಂದ ಎತ್ತಿ ಪಕ್ಕಕ್ಕಿಟ್ಟರು. ಮೊಳಕೆ ಇದ್ದರೂ ಅವಕ್ಕೆ ಬೇರು ಸರಿಯಾಗಿ ಇರಲಿಲ್ಲ.

“ಎದ್ದೋರೆಲ್ಲ ನಿಲ್ಲೋರಲ್ಲ ಮೇಡಂ” ಎಂದರು, ನನ್ನ ಮುಖ ನೋಡದೆ. ನನಗೆ ಉರಿದುಹೋಯಿತು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ನಾನೇ ಹೋಗಿ, ಅದು ಹೇಗೆ ಗೊತ್ತಾಗುತ್ತೆ ತೋರಿಸಿ ಎಂದು ಕೇಳಿದೆ.

ಅವರ ತಂದೆ ಭದ್ರಾವತಿಯಲ್ಲಿ ಕುಲುಮೆಯ ಮುಂದೆ ಜೀವ ಸವೆಸಿದವರು. ಕಾಯಿಸಿದ ಕಬ್ಬಿಣವನ್ನು ಹದವಾಗಿ ಆರಿಸುವುದು ಅವರ ಕೆಲಸ. “ಕಾಯಿಸೋದು ಯಾರು ಬೇಕಾದ್ರೂ ಕಾಯಿಸ್ತಾರೆ, ಆರಿಸೋದೇ ಕೆಲಸ ಅಂತಿದ್ರು ಅಪ್ಪ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ” ಎಂದು ಇವರು ಹೇಳುತ್ತಿದ್ದರು. ಕುಲುಮೆಗೂ ಬೀಜಕ್ಕೂ ಏನು ಸಂಬಂಧ ಅಂತ ನಾನು ಆಗ ಕೇಳಲಿಲ್ಲ. ಅಷ್ಟೆಲ್ಲ ತಾಳ್ಮೆ ನನಗೆಲ್ಲಿತ್ತು?

ಒಂದು ಬೇಸಿಗೆಯ ಬೆಳಿಗ್ಗೆ ಗಿರಿಜಮ್ಮ ಎಂಬ ರೈತ ಮಹಿಳೆ ಸ್ಟೀಲಿನ ಟಿಫನ್ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಭದ್ರಾವತಿ ಹತ್ತಿರದ ಒಂದು ಹಳ್ಳಿಯವರು. ಗಂಡ ಶಿವಮೊಗ್ಗದಲ್ಲಿ ಸಿಟಿ ಬಸ್ ಡ್ರೈವರ್, ಹೊಲ ಗದ್ದೆಯ ಹೊಣೆಯೆಲ್ಲ ಈಕೆಯದೇ. ಡಬ್ಬಿಯ ಒಂದು ಖಾನೆಯಲ್ಲಿ ಭತ್ತದ ಬೀಜ, ಇನ್ನೊಂದರಲ್ಲಿ ಮಣ್ಣು.

“ಐದು ವರ್ಷದಿಂದ ಸತ್ತ ಬೀಜ ಮಾರ್ತಾ ಇದಾರೆ ಮೇಡಂ. ಹಾಕಿದ್ದು ಹುಟ್ಟಲ್ಲ, ಹುಟ್ಟಿದ್ದು ಸುಟ್ಟುಹೋಗುತ್ತೆ. ಪರೀಕ್ಷೆ ಮಾಡಿ ಬರೆದುಕೊಡಿ, ಆ ಅಂಗಡಿಯವನನ್ನ ನೋಡ್ಕೋತೀನಿ!”

ನಾನು ರಸೀದಿ ಪುಸ್ತಕ ತೆಗೆಯುವಷ್ಟರಲ್ಲಿ ನಮ್ಮ ಮನುಷ್ಯ ಬಂದು, ಮಣ್ಣಿನ ಖಾನೆಗೆ ಬೆರಳು ಹಾಕಿ ನಾಲಗೆಗೆ ಇಟ್ಟುಕೊಂಡರು. ಮುಖ ಹುಳ್ಳಗಾಯಿತು. ಹೊರಗೆ ಹೋಗಿ ಉಗಿದು ಬಂದು ಹೇಳಿದರು: “ಬೀಜಕ್ಕೆ ಏನೂ ಆಗಿರಲ್ಲಮ್ಮ. ನಿಮ್ಮ ಮಣ್ಣಿಗೆ ಬಿಪಿ. ಉಪ್ಪು ಜಾಸ್ತಿಯಾಗಿದೆ.”

ಅವರ ಮಾತು ನಿಜವಾಯಿತು. ಕಾಗದದ ಸುರುಳಿಯಲ್ಲಿ ಆ ಬೀಜ ಹುಲುಸಾಗಿ ಮೊಳೆಯಿತು. ತಪ್ಪು ಗಿರಿಜಮ್ಮನ ಆ ಒಂದು ಎಕರೆಯದು. ನಾಲೆಯ ಕೆಳಗಿನ ತಗ್ಗು ಜಾಗ. ನಾಲೆಯಿಂದ ಜಿನುಗುವ ಬಸಿ ನೀರು ನಿಂತು ನಿಂತು ಉಪ್ಪು ಮೇಲೆದ್ದು, ಬೇಸಿಗೆಯಲ್ಲಿ ಹೊಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ನಮ್ಮ ಕಡೆ ಇದಕ್ಕೆ ಚೌಳು ಅನ್ನುತ್ತಾರೆ. ವರದಿ ಓದಿ ಹೇಳಿದಾಗ ಗಿರಿಜಮ್ಮನ ಸಿಟ್ಟೆಲ್ಲ ಇಳಿದುಹೋಯಿತು. ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಮೈದುನ ರುದ್ರೇಶ ಆ ಎಕರೆಯನ್ನು ಸೈಟು ಮಾಡಿ ಹಂಚೋಣ ಎಂದು ಪಟ್ಟು ಹಿಡಿದಿದ್ದಾನೆ. ಈ ಮುಂಗಾರಿನಲ್ಲಿ ಬೆಳೆ ಎದ್ದರೆ ಸುಮ್ಮನಾಗುತ್ತಾನೆ, ಇಲ್ಲದಿದ್ದರೆ ಈಕೆ ಸಹಿ ಹಾಕಿಕೊಡಬೇಕು ಎಂದು ಮನೆಯಲ್ಲಿ ಮಾತಾಗಿದೆ.

“ನಾನು ಮದುವೆಯಾಗಿ ಬಂದಾಗ ಮೊದಲು ಕಳೆ ಕಿತ್ತಿದ್ದು ಆ ಹೊಲದಲ್ಲೇ ಮೇಡಂ. ಬೀಜದ ತಪ್ಪು ಅಂದ್ಕೊಂಡಿದ್ದೆ. ಮಣ್ಣಿಂದೇ ತಪ್ಪು ಅಂದ್ರೆ ಇನ್ನು ಯಾರ ಹತ್ರ ಜಗಳ ಆಡ್ಲಿ?”

ನಾನು ಕೊಟ್ಟ ಉತ್ತರ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. “ನಮ್ಮ ಕೆಲಸ ಟೆಸ್ಟ್ ಮಾಡಿ ರಿಪೋರ್ಟ್ ಕೊಡೋದಮ್ಮ, ಅಷ್ಟೆ” ಅಂದೆ. ಆಕೆ ಡಬ್ಬಿ ಎತ್ತಿಕೊಂಡು ಹೊರಟರು. ನಮ್ಮ ಮನುಷ್ಯ ಗೇಟಿನವರೆಗೂ ಹಿಂದೆ ಹೋಗಿ, ಮಣ್ಣಿನ ಖಾನೆಯನ್ನು ಇಸಿದುಕೊಂಡು ಬಂದರು.

ಮಾರನೆಯ ದಿನದಿಂದ ಲ್ಯಾಬಿನ ಕಿಟಕಿಯ ಕಟ್ಟೆಯ ಮೇಲೆ ಟೀ ಕುಡಿಯುವ ಕಾಗದದ ಲೋಟಗಳ ಸಾಲು ಶುರುವಾಯಿತು. ಒಂದು ಸಾಲಿನಲ್ಲಿ ಚೌಳು ಮಣ್ಣಿಗೆ ಹಾಗೇ ಹಾಕಿದ ಬೀಜ. ಇನ್ನೊಂದರಲ್ಲಿ ಅದೇ ಮಣ್ಣು, ಆದರೆ ಬೀಜಕ್ಕೆ ಉಪಚಾರ ಮಾಡಿದ್ದು. ಬೀಜವನ್ನು ತೆಳುವಾದ ಪೊಟ್ಯಾಷ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮೊಳಕೆ ಹೊರಗೆ ಇಣುಕುವ ಮುಂಚೆ ತೆಗೆದು, ನೆರಳಿನಲ್ಲಿ ನಿಧಾನವಾಗಿ ಆರಿಸುತ್ತಿದ್ದರು. ಎಲ್ಲಿಯವರೆಗೆ? ನೆನೆಹಾಕುವ ಮುಂಚೆ ಎಷ್ಟು ತೂಗುತ್ತಿತ್ತೋ ಮತ್ತೆ ಅಷ್ಟೇ ತೂಗುವವರೆಗೆ.

“ಬಂದ ತೂಕಕ್ಕೆ ವಾಪಸ್ ಬರಬೇಕು ಮೇಡಂ. ಅರ್ಧ ಎಬ್ಬಿಸಿ ಮಲಗಿಸೋದು. ಒಂದ್ಸಲ ಎಚ್ಚರ ಆದೋರು ಎರಡನೇ ಸಲ ಕರೆದ ತಕ್ಷಣ ಏಳ್ತಾರೆ. ಉಪ್ಪು ಇವ್ರನ್ನ ಹಿಡಿಯೋದರೊಳಗೆ ಎದ್ದು ನಿಂತಿರ್ತಾರೆ.”

“ಇದನ್ನ ನೀವು ಕಂಡುಹಿಡಿದಿದ್ದಾ?”

“ಅಯ್ಯೋ, ನಾನೆಲ್ಲಿ! ಎಲ್ಲ ನಿಮ್ಮ ಬೀರುವಿನ ಪುಸ್ತಕದಲ್ಲೇ ಇದೆ. ಪುಸ್ತಕದಿಂದ ಹೊಲಕ್ಕೆ ಬಸ್ಸಿಲ್ಲ, ಅಷ್ಟೆ.”

ಹತ್ತನೆಯ ದಿನಕ್ಕೆ ಒಂದು ಸಾಲಿನ ಲೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಸೊರಗಿದ ಎಳೆ. ಇನ್ನೊಂದು ಸಾಲು ಪೂರಾ ಹಸಿರು. ನಾನು ಬೀರುವಿನ ಪುಸ್ತಕ ತೆಗೆದು ಧೂಳು ಕೊಡವಿದೆ, ಆ ಪುಟ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಪುಟವೇ. ಮಾರನೆಯ ವಾರ ಗಿರಿಜಮ್ಮನಿಗೆ ನಾನೇ ಫೋನ್ ಮಾಡಿದೆ.

ಜೂನಿನಲ್ಲಿ ಮಳೆ ಬಂತು. ಅವರ ಲೆಕ್ಕ ಸ್ಪಷ್ಟವಾಗಿತ್ತು. ಮೊದಲ ಜೋರು ಮಳೆ ಮೇಲಿನ ಉಪ್ಪನ್ನು ತೊಳೆದು ಕೆಳಗಿಳಿಸುತ್ತದೆ. ಬಿಸಿಲಿಗೆ ಅದು ಮತ್ತೆ ಮೇಲೇರುವ ಮುಂಚೆ ಬೀಜ ಎದ್ದು ಬೇರು ಬಿಡಬೇಕು. ಆದ್ದರಿಂದ ಒಂದೇ ದಿನದಲ್ಲಿ ಮುಗಿಯುವ ಹಾಗೆ ಕೂರಿಗೆಯಲ್ಲಿ, ನೆನೆಸಿ ಆರಿಸಿದ ಒಣಬೀಜವನ್ನೇ ಬಿತ್ತಬೇಕು, ಮೊಳಕೆ ಬಂದ ಬೀಜ ಕೂರಿಗೆಯಲ್ಲಿ ಮುರಿದುಹೋಗುತ್ತದೆ. ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ಅವರು ಹಳ್ಳಿಗೆ ಹೋದರು, ಮೂವತ್ತು ಕೆಜಿ ಬೀಜ ತೂಗಿ ನೆನೆಹಾಕಿಸಿದರು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ, ತೆಗೆಸಿ, ಪಡಸಾಲೆಯಲ್ಲಿ ಗೋಣಿ ಹಾಸಿ ಹರವಿ, ಗಿರಿಜಮ್ಮನಿಗೆ ಎಲ್ಲ ಹೇಳಿಕೊಟ್ಟು ಸಂಜೆಯ ಬಸ್ಸಿಗೆ ವಾಪಸಾದರು.

ಸೋಮವಾರ ಅವರು ಆಫೀಸಿಗೆ ಬರಲಿಲ್ಲ. ಫೋನೂ ಇಲ್ಲ. ನಾನಿದ್ದಷ್ಟು ಕಾಲದಲ್ಲಿ ಹೀಗೆ ಆಗಿದ್ದೇ ಇಲ್ಲ. ಹೇಳದೆ ಕೇಳದೆ ರಜೆ ಹಾಕುತ್ತಾರಾ, ಬರಲಿ, ಮಾಡುತ್ತೇನೆ ಎಂದುಕೊಂಡವಳು ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಜೀಪು ಹತ್ತಿ ಆ ಹಳ್ಳಿಗೇ ಹೋದೆ.

ಪಡಸಾಲೆಯಲ್ಲಿ ಬೀಜ ಇರಲಿಲ್ಲ. ಮೂಲೆಯಲ್ಲಿ ಬಿಗಿಯಾಗಿ ಕಟ್ಟಿದ ಗೋಣಿಚೀಲ, ಅದರ ಮೇಲೆ ರುಬ್ಬುವ ಗುಂಡು, ಗುಂಡಿಗೆ ಅರಿಶಿನ ಕುಂಕುಮ. ಪಕ್ಕದಲ್ಲಿ ಗಿರಿಜಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎದುರಿಗೆ ಅವರ ಅತ್ತೆ ಹಾಲಮ್ಮ, ಎಂಬತ್ತರ ಹತ್ತಿರದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಹಿಂದಿನ ಸಂಜೆ ಸೊಸೆ ಹಾಲು ಕರೆಯಲು ಹೋದಾಗ ಈ ಅಜ್ಜಿ ಆರುತ್ತಿದ್ದ ಬೀಜವನ್ನು ಕಂಡು ಹೌಹಾರಿ, ಬೆಚ್ಚಗಿನ ನೀರು ಚಿಮುಕಿಸಿ, ಚೀಲಕ್ಕೆ ತುಂಬಿ, ಮೊಳಕೆ ಕಟ್ಟಿಬಿಟ್ಟಿದ್ದರು! ಬೆಳಿಗ್ಗೆ ಗಿರಿಜಮ್ಮನ ಫೋನು ಬಂದ ಕೂಡಲೇ ನಮ್ಮ ಮನುಷ್ಯ ಇಲ್ಲಿಗೆ ಓಡಿ ಬಂದು ಕೂತಿದ್ದರು, ಅಜ್ಜಿ ಮಾತ್ರ ಗುಂಡು ಎತ್ತಲು ಬಿಟ್ಟಿರಲಿಲ್ಲ.

“ಒದ್ದೆ ಮಾಡಿದ ಬೀಜನ ಒಣಗಿಸೋದು ಎಲ್ಲಾದ್ರೂ ಉಂಟಾ ಮಾರಾಯ್ತಿ?” ಎಂದು ನನ್ನನ್ನೇ ಕೇಳಿದರು. “ನೀರು ಕುಡಿದ ಬೀಜ ಅಂದ್ರೆ ಹೊಟ್ಟೇಲಿರೋ ಕೂಸಿದ್ದಂಗೆ. ಅದನ್ನ ಒಣಗಿಸಿದ್ರೆ ಪಾಪ ಸುತ್ಕೊಳ್ಳುತ್ತೆ. ನಮ್ಮತ್ತೆ ನಂಗೆ ಹೇಳಿದ್ದು ಇದನ್ನೇ.”

ನಮ್ಮ ಮನುಷ್ಯ ಅಜ್ಜಿಯನ್ನು ಒಪ್ಪಿಸಿ ಚೀಲ ಬಿಚ್ಚಿದರು. ಒಳಗೆ ಬೆಳ್ಳನೆಯ ಮೊಳಕೆ, ಒಂದೇ ಸಮ. ಅವರು ಒಂದು ಹಿಡಿ ಎತ್ತಿ ಮಸೂರದಲ್ಲಿ ನೋಡಿ, ಸಿಟ್ಟು ಮಾಡುತ್ತಾರೆ ಎಂದು ನಾನು ಕಾಯುತ್ತಿರುವಾಗ, ಬಾಯ್ತುಂಬ ನಕ್ಕರು.

“ಎಲ್ರೂ ಎದ್ದಿದ್ದಾರಲ್ಲಮ್ಮ! ಎಂಥ ಕೈ ನಿಮ್ದು!”

ಬಾಗಿಲಲ್ಲಿ ನಿಂತಿದ್ದ ಮೈದುನ ರುದ್ರೇಶನಿಗೆ ನಗು ಬರಲಿಲ್ಲ. ಅವನು ಕೆಟ್ಟವನೇನಲ್ಲ. ಐದು ವರ್ಷ ಆ ಹೊಲಕ್ಕೆ ದುಡಿದು ದುಡಿದು ಬೇಸತ್ತವನು. “ಬೀಜನೂ ಹೋಯ್ತಲ್ಲ ಅತ್ತಿಗೆ” ಎಂದ. “ನಾಳೆ ಕೂರಿಗೆಯವನು ಬರ್ತಾನೆ. ಏನು ಬಿತ್ತುತ್ತೀರಿ? ಸುಮ್ನೆ ಸಹಿ ಹಾಕಿಬಿಡಿ, ಎಲ್ರಿಗೂ ನೆಮ್ಮದಿ.”

ಗಿರಿಜಮ್ಮ ಒಳಗೆ ಹೋಗಿ, ಇನ್ನೊಂದು ಚೀಲ ಎಳೆದು ತಂದರು. ಮೇಲಿನ ಒಳ್ಳೆಯ ಗದ್ದೆಗೆಂದು ಎತ್ತಿಟ್ಟ ಬೀಜ. ಅದು ಹೋದರೆ ಅನ್ನ ಕೊಡುವ ಗದ್ದೆಯೂ ಈ ವರ್ಷ ಬೀಳು. “ಇದನ್ನ ಮಾಡಿ” ಎಂದರು. ಚೀಲದ ಬಾಯಿಯನ್ನು ತಾವೇ ಬಿಚ್ಚಿದರು.

“ಮೊಳಕೆ ಬಂದಿದ್ದು ದಂಡ ಆಗಲ್ಲಮ್ಮ. ಅದನ್ನ ಸಸಿಮಡಿಗೆ ಚೆಲ್ಲಿ, ಮೇಲಿನ ಗದ್ದೆಗೆ ನಾಟಿಯಾಗುತ್ತೆ” ಎಂದರು ನಮ್ಮವರು. ಆಮೇಲೆ ನನ್ನ ಕಡೆ ತಿರುಗಿ, “ತಪ್ಪು ನಂದೇ ಮೇಡಂ. ಈ ಮನೇಲಿ ಬೀಜದ ವಿಷಯ ಎಲ್ರಿಗಿಂತ ಹೆಚ್ಚು ಗೊತ್ತಿರೋರು ಯಾರೋ ಅವರಿಗೇ ಹೇಳ್ದೆ ಹೋದೆ” ಎಂದು, ಹಾಲಮ್ಮನ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು.

“ಅಮ್ಮ, ಕೂಸಿಗೆ ಏನೂ ಆಗಲ್ಲ. ಹೊರಗೆ ಬರೋಕ್ ಮುಂಚೆ ಜೋಗುಳ ಹಾಡಿ ಮಲಗಿಸ್ತೀವಿ, ಅಷ್ಟೆ. ನಂಗೊಂದು ಹೇಳಿ, ಅಕ್ಕಿ ಮಾಡಿಸೋಕೆ ಭತ್ತ ಒಣಗಿದೆಯೋ ಇಲ್ವೋ ಅಂತ ಹೆಂಗೆ ನೋಡ್ತೀರಿ?”

“ಹಲ್ಲಲ್ಲಿ ಕಡಿದು. ಇನ್ಹೆಂಗೆ?”

“ಹಂಗಾದ್ರೆ ಈ ಸಲ ಆರಿಸೋ ಕೆಲಸ ನಿಮ್ದು. ಬಿಸಿಲಿಗೆ ಬೇಡ, ಬೆಂಕಿ ಹತ್ರ ಬೇಡ. ನೆನೆಹಾಕೋ ಮುಂಚೆ ಒಂದು ಕಾಳು ಕಡಿದು ನೋಡ್ಕೊಳ್ಳಿ. ಆರಿದ ಮೇಲೆ ಹಲ್ಲಿಗೆ ಅದೇ ಥರ ಸಿಗಬೇಕು.”

ಹಾಲಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಚೀಲದಿಂದ ಒಂದು ಕಾಳು ತೆಗೆದು, ಉಳಿದಿದ್ದ ದವಡೆ ಹಲ್ಲಿಗೆ ಕೊಟ್ಟು ಕಟಕ್ಕೆನಿಸಿ, “ಆಯ್ತು, ನೆನೆಹಾಕು” ಎಂದರು.

ಕೂರಿಗೆಯವನನ್ನು ಕೈಕಾಲು ಹಿಡಿದು ಒಂದು ದಿನ ತಡ ಮಾಡಿಸಿದ್ದಾಯಿತು. ಅದಕ್ಕಿಂತ ತಡವಾದರೆ ನೆಲದ ಹದ ಕೈ ತಪ್ಪುತ್ತಿತ್ತು. ಮಂಗಳವಾರ ನಾನೂ ರಜೆ ಹಾಕಿದೆ. ನೋಡಿ, ಬೈಯುವುದಕ್ಕೆ ಹೋದವಳ ಗತಿ! ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ, ಹತ್ತು ಗಂಟೆಗೆ ಕರೆಂಟೂ ಹೋಯಿತು. ಅಧಿಕಾರಿ ಎಂಬುದನ್ನು ಮರೆತು ಮೊರದಿಂದ ಗಾಳಿ ಹಾಕಿದೆ. ಗಿರಿಜಮ್ಮ ಅರ್ಧ ಗಂಟೆಗೊಮ್ಮೆ ಬೀಜ ಕೈಯಾಡಿಸಿದರು. ಹಾಲಮ್ಮ ಮಧ್ಯೆ ಮಣೆ ಹಾಕಿ ಕೂತು, ಆಗಾಗ ಒಂದೊಂದು ಕಾಳು ಕಡಿದು ತುಪುಕ್ಕೆಂದು ಉಗಿದು “ಇನ್ನೂ ಇಲ್ಲ” ಎನ್ನುತ್ತಿದ್ದರು. ಮೂರು ಗಂಟೆಗೆ ನನಗೆ ಬೀಜ ಒಣಗಿದ ಹಾಗೇ ಕಂಡಿತು. “ಇನ್ನೂ ಇಲ್ಲ ಮಾರಾಯ್ತಿ, ಹಲ್ಲಿಗೆ ಮೆತ್ತುತ್ತೆ” ಎಂದು ಗದರಿಸಿದರು. ನಮ್ಮವರು ಬಾಯಿ ಹಾಕಲಿಲ್ಲ. ಮೂಲೆಯಲ್ಲಿ ಕೂತು, ಆರಿಸೋದೇ ಕೆಲಸ, ಆರಿಸೋದೇ ಕೆಲಸ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಸಂಜೆ ಐದು ದಾಟಿದ ಮೇಲೆ ಒಂದು ಕಾಳು ಕಟಕ್ಕೆಂದಿತು. ಹಾಲಮ್ಮ ಇನ್ನೊಂದು ಮೂಲೆಯಿಂದ ಮತ್ತೊಂದು ತೆಗೆದು ಕಡಿದರು. ಅದೂ ಕಟಕ್. “ಈಗ ತುಂಬಿ” ಎಂದರು.

ನಮ್ಮವರು ಪಡಸಾಲೆಯ ತೊಲೆಗೆ ನೇತಾಡುವ ತಕ್ಕಡಿ ಕಟ್ಟಿ ಚೀಲ ಸಿಕ್ಕಿಸಿದರು. ನೆನೆಹಾಕುವ ಮುಂಚೆ ಮೂವತ್ತು ಇತ್ತು. ಮುಳ್ಳು ತೂಗಾಡಿ ತೂಗಾಡಿ ಮೂವತ್ತರ ಗೆರೆಯ ಮೇಲೆ ನಿಂತಿತು. ಆ ಮನುಷ್ಯ ಕುಣಿಯುವುದೊಂದು ಬಾಕಿ.

“ಬಂದ ತೂಕಕ್ಕೆ ವಾಪಸ್ ಬಂದಿದ್ದಾರೆ ಮೇಡಂ! ನಮ್ಮ ಲ್ಯಾಬಿಗೆ ಮೆಷಿನ್ ಯಾಕೆ, ಈ ಅಮ್ಮನ್ನೇ ಕರ್ಕೊಂಡು ಹೋಗೋಣ!”

“ಇರೋದು ನಾಲ್ಕು ಹಲ್ಲು, ಅದನ್ನೂ ಸರ್ಕಾರಕ್ಕೆ ಕೊಡ್ಬೇಕಾ?” ಎಂದರು ಹಾಲಮ್ಮ.

ಬುಧವಾರ ಬಿತ್ತನೆಯಾಯಿತು. ಆಮೇಲಿನ ದಿನಗಳಲ್ಲಿ ನಾನು ಆಫೀಸಿನಲ್ಲಿ ಏನು ಕೆಲಸ ಮಾಡಿದೆನೋ ದೇವರಿಗೇ ಗೊತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಗಿರಿಜಮ್ಮನ ಫೋನು. ಆಕೆ ಮಾತಾಡುತ್ತಿರಲಿಲ್ಲ, ಅಳುತ್ತಿದ್ದರು. ನಮ್ಮವರು ಫೋನು ಇಸಿದುಕೊಂಡು ಕೇಳಿದರು: “ಅಮ್ಮ, ಒಂದೇ ಮಾತು ಹೇಳಿ. ಎದ್ದಿದ್ದಾರಾ?”

“ಸಾಲು ಕಾಣ್ತಾ ಇದೆ” ಎಂದರಂತೆ. “ಈ ಬದುವಿಂದ ಆ ಬದುವಿನ ತನಕ ಸಾಲು ಕಾಣ್ತಾ ಇದೆ.”

ಪೂರಾ ಎಕರೆ ಎದ್ದಿತು ಎಂದರೆ ಸುಳ್ಳಾಗುತ್ತದೆ. ನಡುವೆ ಎರಡು ಕಡೆ ಬೋಳು ಮಚ್ಚೆ ಉಳಿಯಿತು. ನಮ್ಮವರು ಅದನ್ನು ಮುಚ್ಚಿಡಲೂ ಇಲ್ಲ. “ಬೀಜಕ್ಕೆ ಮಾಡೋದನ್ನ ಮಾಡಿದ್ದೀವಿ. ಮಣ್ಣಿನ ಉಪ್ಪು ಇನ್ನೂ ಅಲ್ಲೇ ಇದೆ. ನಿಂತ ನೀರು ಹೊರಗೆ ಹೋಗೋಕೆ ಬಸಿಗಾಲುವೆ ತೆಗೀಲೇಬೇಕು” ಎಂದು ರುದ್ರೇಶನಿಗೆ ಹೇಳಿದರು. ಮುಂದಿನ ವಾರ ಹೋದಾಗ ಅವನೇ ಪ್ಯಾಂಟು ಮಡಿಸಿ, ಹಾರೆ ಹಿಡಿದು ಕಾಲುವೆ ತೋಡುತ್ತಿದ್ದ.

ಕೊಯ್ಲು ನವೆಂಬರಿನಲ್ಲಿ ಚೆನ್ನಾಗಿಯೇ ಆಯಿತು. ಆದರೆ ನನ್ನ ಪಾಲಿಗೆ ಗೆಲುವು ಬಂದದ್ದು ಅದಕ್ಕಿಂತ ಮುಂಚೆ, ಭೂಮಿ ಹುಣ್ಣಿಮೆಯ ದಿನ. ತೆನೆ ಕಟ್ಟುವ ಹೊತ್ತಿನ ಭೂಮಿತಾಯಿಯನ್ನು ಬಸುರಿ ಎಂದು ಭಾವಿಸಿ, ಬಯಕೆಯ ಅಡುಗೆ ಮಾಡಿ, ಬುಟ್ಟಿಯಲ್ಲಿ ಹೊತ್ತು ಬೆಳಿಗ್ಗೆ ಹೊಲಕ್ಕೆ ಬಡಿಸುವ ಹಬ್ಬ ಅದು. ಐದು ವರ್ಷ ಆ ಎಕರೆಗೆ ಅವರು ಬುಟ್ಟಿ ಒಯ್ದಿರಲಿಲ್ಲ. ಬಸುರಿಯಲ್ಲದ ನೆಲಕ್ಕೆ ಬಯಕೆ ಎಲ್ಲಿಂದ ಬರಬೇಕು? ಈ ಸಲ ನಮ್ಮಿಬ್ಬರಿಗೂ ಕರೆ ಬಂತು.

ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯನ್ನು ತಲೆ ಮೇಲೆ ಹೊತ್ತು ಮುಂದೆ ನಡೆದವನು ರುದ್ರೇಶ. ಬದುವಿನ ಮೇಲೆ ಬುಟ್ಟಿ ಇಳಿಸಿ, ನಮ್ಮವರ ಹತ್ತಿರ ಬಂದು ತಲೆ ಕೆರೆದುಕೊಂಡ. “ಸಾರ್, ಸೈಟಿನ ಕಾಗದ ಹರಿದು ಒಲೆಗೆ ಹಾಕಿದ್ದಾಯ್ತು. ಬರೋ ವರ್ಷ ಬೀಜ ನೆನೆಹಾಕೋವಾಗ ನನ್ನೂ ಕರೀರಿ.” ಅಟೆಂಡರನ್ನು ಯಾರಾದರೂ ಸಾರ್ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾನೆ ಎಂದು ನೋಡಿದರು.

ಬುಟ್ಟಿಯ ಅಡುಗೆಯನ್ನು ಹೊಲಕ್ಕೆಲ್ಲ ಬೀರಿ ಆದ ಮೇಲೆ, ಬದುವಿನ ಮೇಲೆ ಬಾಳೆ ಎಲೆ ಹಾಕಿ ನಮಗೂ ಬಡಿಸಿದರು. ಕಡುಬು, ಸೊಪ್ಪಿನ ಪಲ್ಯ, ಅಂಬಲಿ. ಮೊದಲ ತುತ್ತು ಬಾಯಿಗಿಟ್ಟೆ. ಚಪ್ಪೆ! ಪಲ್ಯ ಮುಟ್ಟಿದೆ, ಅದೂ ಚಪ್ಪೆ. ಹಬ್ಬದ ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡು ಗಿರಿಜಮ್ಮನನ್ನು ಮೆಲ್ಲಗೆ ಕೇಳಿದೆ: “ಸ್ವಲ್ಪ ಉಪ್ಪಿದೆಯಾ?”

ಉತ್ತರ ಕೊಟ್ಟವರು ಹಾಲಮ್ಮ.

“ನಾನೇ ಹಾಕ್ಬೇಡ ಅಂದೆ ಕಣವ್ವ. ಮೇಲಿನ ಗದ್ದೆ ಬುಟ್ಟಿ ಬೇರೆ ಇದೆ, ಅದಕ್ಕೆ ಉಪ್ಪು ಖಾರ ಎಲ್ಲ ಹಾಕಿದ್ದೀವಿ. ಇವಳು ಐದು ವರ್ಷದಿಂದ ಬರೀ ಉಪ್ಪನ್ನೇ ತಿಂದಿದ್ದಾಳೆ. ಬಸುರಿಗೆ ಇನ್ನು ಅದು ಬೇಡ.”

ಗಾಳಿಗೆ ತೆನೆಗಳು ಅಲ್ಲಾಡಿದ ಸದ್ದು ಬಂತು. ನಮ್ಮ ಮನುಷ್ಯ ತಮ್ಮ ಎಲೆಯನ್ನು ಎತ್ತಿಕೊಂಡು, ನಮ್ಮ ಕಡೆ ಬೆನ್ನು ಮಾಡಿ, ಪೈರಿಗೆ ಎದುರಾಗಿ ಕೂತರು. ಜೀವಮಾನವಿಡೀ ಬೀಜ ಎಣಿಸಿ, ಮೊಳಕೆಯ ಸಮೇತ ಒದ್ದೆ ಕಾಗದವನ್ನು ಕಸದ ಬುಟ್ಟಿಗೆ ಹಾಕಿದ ಮನುಷ್ಯ. ತಾವು ಎಬ್ಬಿಸಿದವರು ತೆನೆ ಹೊತ್ತು ನಿಂತದ್ದನ್ನು ಅವರು ಆ ದಿನದವರೆಗೆ ಕಂಡೇ ಇರಲಿಲ್ಲವಂತೆ. ಅದನ್ನು ನನಗೆ ಹೇಳಿದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ.

“ಇನ್ನೊಂದು ಕಡುಬು ಹಾಕಿ ಹಾಲಮ್ನೋರೆ” ಎಂದರು, ತಿರುಗಿ ನೋಡದೆ. ದನಿ ಒದ್ದೆಯಾಗಿತ್ತು. “ಇವ್ರ ಪಂಕ್ತೀಲಿ ಕೂತು ಉಣ್ತಾ ಇರೋದು ಇದೇ ಮೊದಲು.”

ನಾನೂ ನನ್ನ ಎಲೆ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂತೆ. ಉಪ್ಪು ಕೇಳಲಿಲ್ಲ.